ಗಿರಣಿ ಕಣದಲ್ಲಿ ಕ್ಯೂಬಾ ಪುರಾಣ

ನಾನು ಇತಿಹಾಸ ಓದಿ ಬಿ.ಎ. ಪಾಸಾದವನು. ಕೆಲಸ, ಪಾರಿವಾಳ ಓಡಿಸುವುದು.

ರಾಯಚೂರು ಸ್ಟೇಶನ್ನಿನ ಆಚೆ ಗಡಿಗೆಪ್ಪ ಸಾವುಕಾರನ ಅಕ್ಕಿ ಗಿರಣಿ. ಗಿರಣಿಯ ಹಿಂದೆ ಎರಡು ಎಕರೆ ಸಿಮೆಂಟಿನ ಕಣ. ಕುದಿಸಿದ ಭತ್ತವನ್ನು ಅಲ್ಲಿ ಹರವುತ್ತಾರೆ. ಹರವಿದ ಕೂಡಲೇ ಊರಿನ ಪಾರಿವಾಳಗಳೆಲ್ಲ ಮಾವನ ಮನೆಗೆ ಬಂದ ಅಳಿಯಂದಿರಂತೆ ಇಳಿಯುತ್ತವೆ. ಮುನೀಮ ನನ್ನ ಕೈಗೊಂದು ಕೋಲು ಕೊಟ್ಟು, 'ಕೂಗ್ತಾ ಇರಬೇಕು. ಬಾಯಿ ಮುಚ್ಚಿದ್ರ ಕೂಲಿ ಇಲ್ಲ' ಎಂದ. ನನ್ನ ಹೆಸರು ಮೌನಪ್ಪ. ಬೆಳಗಿನಿಂದ ಸಂಜೆಯವರೆಗೆ ಹೋಯ್ ಹೋಯ್ ಎಂದು ಕೂಗಿದೆ.

ನನ್ನ ಊರು ದೇವದುರ್ಗ ತಾಲೂಕಿನ ಮಸರಕಲ್. ಅಲ್ಲಿನ ಮಾದಿಗರ ಕೇರಿಗೆ ನಾನೇ ಮೊದಲ ಬಿ.ಎ. ಪಾಸಾದ ದಿನ ಅಪ್ಪ ಊರ ಹೋಟೆಲಿನವನಿಗೆ ಸುದ್ದಿ ಹೇಳಿದ. ಹೋಟೆಲಿನವ ಖುಷಿಪಟ್ಟು ನಮ್ಮಿಬ್ಬರಿಗೂ ಪುಕ್ಕಟೆ ಚಹಾ ಕೊಟ್ಟ. ಹೊರಗೆ, ಗೋಡೆಯ ಗೂಡಿನಲ್ಲಿದ್ದ ನಮ್ಮ ಗ್ಲಾಸಿನಲ್ಲಿ. ಕುಡಿದು, ಬಿ.ಎ. ಪಾಸಾದ ಕೈಯಿಂದಲೇ ಗ್ಲಾಸು ತೊಳೆದಿಟ್ಟೆ.

ಆಮೇಲೆ ಎರಡು ವರ್ಷ ಅರ್ಜಿ ಹಾಕಿದೆ. ಹಾಸ್ಟೆಲಿನಲ್ಲಿ ಅನುವಾದವಾಗಿ ಬಂದ ಕಾದಂಬರಿಗಳನ್ನು ರಾಶಿ ರಾಶಿ ಓದಿದ್ದೆ. ಅವುಗಳ ನಾಯಕರು ಕಿಟಕಿಯ ಪಕ್ಕ ಕೂತು, ಬದುಕಿಗೆ ಅರ್ಥವಿಲ್ಲ ಎಂದು ಸಿಗರೇಟು ಸೇದುತ್ತಿದ್ದರು. ನನಗೆ ಕಿಟಕಿಯೂ ಇರಲಿಲ್ಲ, ಸಿಗರೇಟೂ ಇರಲಿಲ್ಲ. ಎಪ್ಪತ್ತೆಂಟರ ಶ್ರಾವಣಕ್ಕೆ ಮುಂಚೆ ಗಬ್ಬೂರಿನ ಮೇಲೆ ಬರುವ ಬಸ್ಸು ಹತ್ತಿ ರಾಯಚೂರಿಗೆ ಬಂದು ಕೋಲು ಹಿಡಿದೆ.

ಕಣದಲ್ಲಿ ನಲವತ್ತು ಹೆಂಗಸರು, ಎಲ್ಲ ನಮ್ಮಂಥ ಕೇರಿಗಳವರೇ. ಅವರು ಭತ್ತ ತಿರುವುತ್ತಿದ್ದದ್ದು ಕೈಯಿಂದಲ್ಲ, ಕಾಲಿನಿಂದ. ಹೊಗೆಯಾಡುವ ಭತ್ತದೊಳಗೆ ಬರಿಗಾಲು ಹೂತು, ಎತ್ತದೆ, ಎಳೆದುಕೊಂಡು ನಡೆಯಬೇಕು. ನೇಗಿಲು ಹೊಡೆದಂತೆ ಸಾಲು ಬೀಳುತ್ತದೆ. ಈ ತುದಿಯಿಂದ ಆ ತುದಿಗೆ. ಆ ತುದಿಯಿಂದ ಈ ತುದಿಗೆ. ಶ್ರಾವಣ ಬಂದರೂ ರಾಯಚೂರಿನ ಬಿಸಿಲು ರಜೆ ಹಾಕುವುದಿಲ್ಲ. ಮೇಲೆ ಬಿಸಿಲು, ಕೆಳಗೆ ಸಿಮೆಂಟು, ನಡುವೆ ಬೆಂದ ಭತ್ತ, ಅದರಲ್ಲಿ ನಲವತ್ತು ಜೊತೆ ಕಾಲು. ಭತ್ತದ ಮುಳ್ಳು ಬೆರಳ ಸಂದಿಯಲ್ಲಿ ಮುರಿದು ಕೀವಾಗುತ್ತದೆ. ಕೀವಿನ ಮೇಲೆ ಸೀಮೆಎಣ್ಣೆ ಹಚ್ಚಿಕೊಂಡು ಮತ್ತೆ ನಡೆಯುತ್ತಾರೆ.

ಇವರ ಮುಂದಾಳು ಯಮನಮ್ಮ. ಐವತ್ತು ದಾಟಿದವಳು. ಗಂಡ ಮುಂಬಯಿಗೆ ಹೋಗಿ ಹದಿನೈದು ವರ್ಷವಾಗಿತ್ತು. ಕುಂಕುಮ ಮಾತ್ರ ಕಾಸಿನಗಲ. 'ಸತ್ತ ಸುದ್ದಿ ಬರೋತನಕ ನಾ ಮುತ್ತೈದಿ' ಎನ್ನುತ್ತಿದ್ದಳು. ಅವಳ ಹಿಮ್ಮಡಿ ಭತ್ತದ ಕಾಳು ನಿಲ್ಲುವಷ್ಟು ಒಡೆದಿತ್ತು. ಅದೇ ಹಿಮ್ಮಡಿಯಿಂದ ಭತ್ತ ಎಷ್ಟು ಒಣಗಿದೆ ಎಂದು ಹೇಳುತ್ತಿದ್ದಳು. ಬೇಗ ಎತ್ತಿದರೆ ಅಕ್ಕಿ ಮುಗ್ಗುತ್ತದೆ. ತಡವಾದರೆ ಯಂತ್ರದೊಳಗೆ ಒಡೆದು ನುಚ್ಚಾಗುತ್ತದೆ. 'ಈಗ ರಾಶಿ ಮಾಡ್ರಿ' ಎಂದು ಅವಳು ಹೇಳಿದ ಮೇಲೆಯೇ ಯಂತ್ರದವರು ಬುಟ್ಟಿ ಹಿಡಿಯುತ್ತಿದ್ದರು. ಗಿರಣಿಗೆ ಸಾವುಕಾರ ಮಾಲೀಕ. ಭತ್ತಕ್ಕೆ ಈ ಹಿಮ್ಮಡಿ.

ಮೂರನೆಯ ದಿನ ಅವಳು ನನ್ನ ಮುಂದೆ ಬಂದು ನಿಂತಳು.

'ಏ ಮೌನ್ಯಾ, ದನಾ ಕಾಯೋರಂಗ ಏನ್ ಒದರ್ತೀಲೇ? ಕಿವಿ ತೂತು ಬಿದ್ದಾವ. ಊಟದಾಗ ಆ ಹರಕ ಪುಸ್ತಕ ನೋಡ್ಕೋತ ಕೂತಿರ್ತಿಯಲ್ಲ, ಅದನ್ನರ ಒದರು. ಪಾರಿವಾಳಕ್ಕೇನು, ಸಪ್ಪಳಾದ್ರ ಸಾಕು.'

ಹರಕು ಪುಸ್ತಕ ಸ್ಟೇಶನ್ನಿನ ಮುಂದಿನ ಹಳೆ ಪುಸ್ತಕದವನ ಹತ್ತಿರ ಸಿಕ್ಕದ್ದು. ಇಂಗ್ಲಿಷಿನಲ್ಲಿ ಕ್ಯೂಬಾ ದೇಶದ ಇತಿಹಾಸ. ರಟ್ಟು ಇರಲಿಲ್ಲ. ಕೊನೆಯ ಹಾಳೆಗಳನ್ನು ಹರಿದು ಯಾರೋ ಮಿರ್ಚಿ ಕಟ್ಟಿದ್ದರು. ನಾನು ಭತ್ತದ ಸಾಲುಗಳ ನಡುವೆ ಓಡಾಡುತ್ತ, ಅದನ್ನು ನಮ್ಮ ಮಾತಿಗೆ ತಿರುಗಿಸಿ, ಗಂಟಲು ಹರಿಯುವಂತೆ ಓದತೊಡಗಿದೆ. ಪಾರಿವಾಳ ಓಡಿದವು. ಹೆಂಗಸರು ಹತ್ತಿರ ಬಂದರು.

ಕ್ಯೂಬಾಕ್ಕೆ ಸ್ಪೇನಿನವರು ಬಂದರು ಎಂದೆ. ಅಲ್ಲಿನ ಮೂಲದ ಮಂದಿಯನ್ನು ಬಂಗಾರ ತೆಗೆಯಲು ಹಚ್ಚಿ ಕೊಂದರು. ತಿರುಗಿ ಬಿದ್ದ ಒಬ್ಬ ನಾಯಕನನ್ನು ಕಂಬಕ್ಕೆ ಕಟ್ಟಿದರು. ಬೆಂಕಿ ಇಡುವ ಮುಂಚೆ ಪಾದ್ರಿ ಬಂದು, ನಮ್ಮ ದೇವರನ್ನು ಒಪ್ಪಿಕೋ, ಸ್ವರ್ಗಕ್ಕೆ ಹೋಗುತ್ತೀ ಎಂದನಂತೆ. ಸ್ವರ್ಗದಲ್ಲಿ ನಿಮ್ಮವರೂ ಇರುತ್ತಾರಾ ಎಂದು ಇವನು ಕೇಳಿದನಂತೆ. ಇರುತ್ತಾರೆ ಎಂದ ಪಾದ್ರಿ. ಹಾಗಾದರೆ ನನಗೆ ನರಕವೇ ಇರಲಿ ಎಂದನಂತೆ.

ಯಮನಮ್ಮ ಕಾಲು ನಿಲ್ಲಿಸಿದಳು. 'ಖರೇನ? ಹಂಗಂದನಾ?'

'ಹಂಗಂತ ಹೇಳ್ತಾರ.'

'ನಮ್ಮಾಂವ ಅದಾನ ಬಿಡು. ಸಾವ್ಕಾರ ಕೈಲಾಸಕ್ಕ ಹೋಗ್ತಾನಂತ ಗ್ಯಾರಂಟಿ ಆದ್ರ ನಾನೂ ನರಕದ ಬಸ್ಸ ಹತ್ತತೀನಿ.'

ನಲವತ್ತು ಮಂದಿ ನಕ್ಕರು. ಗಿರಣಿ ಗೋಡೆಯ ಮೇಲೆ ತುರ್ತುಪರಿಸ್ಥಿತಿಯ ಕಾಲದ ಬರಹ ಇನ್ನೂ ಇತ್ತು: ಮಾತು ಕಡಿಮೆ, ದುಡಿಮೆ ಹೆಚ್ಚು.

ಹೀಗೆ ದಿನಾ ನಡೆಯಿತು. ಮೂಲದವರು ಸತ್ತ ಮೇಲೆ ಆಫ್ರಿಕಾದಿಂದ ಕರಿಯರನ್ನು ಹಡಗಿನಲ್ಲಿ ತುಂಬಿಕೊಂಡು ಬಂದದ್ದು. ಕಬ್ಬು ಕಡಿಸಿದ್ದು. ಗುಲಾಮಗಿರಿ ಹೋಯಿತು ಎಂದು ಕಾಗದದಲ್ಲಿ ಬರೆದ ಮೇಲೂ ಅದೇ ಕಬ್ಬು, ಅದೇ ಕತ್ತಿ, ಅದೇ ಬೆನ್ನು. ಸ್ಪೇನಿನವರನ್ನು ಓಡಿಸಲು ಕಬ್ಬು ಕಡಿಯುವ ಕತ್ತಿಯನ್ನೇ ಹಿಡಿದು ಹೊಡೆದಾಡಿದ್ದು. ಇನ್ನೇನು ಗೆದ್ದರು ಎನ್ನುವಾಗ ಅಮೆರಿಕದವರು, ನಿಮಗೆ ಸಹಾಯ ಮಾಡುತ್ತೇವೆ ಎಂದು ಬಂದು ಸಕ್ಕರೆ ಕಾರ್ಖಾನೆಗಳನ್ನು ಹಿಡಿದುಕೊಂಡದ್ದು.

'ಸಹಾಯ ಮಾಡಾಕ ಬಂದೋರು ಯಾವತ್ತೂ ಹೊಳ್ಳಿ ಹೋಗಂಗಿಲ್ಲ' ಎಂದಳು ಯಮನಮ್ಮ.

ಕಬ್ಬು ಮುಗಿದ ಮೇಲೆ ಅಲ್ಲಿ ಎಷ್ಟೋ ತಿಂಗಳು ಕೆಲಸವಿಲ್ಲ. ಅದಕ್ಕೆ ಅವರು ಸತ್ತ ಕಾಲ ಎನ್ನುತ್ತಿದ್ದರು. ಇದನ್ನು ಓದಿದಾಗ ಯಾರೂ ಕಾಲು ನಿಲ್ಲಿಸಲಿಲ್ಲ. ಗೊತ್ತಿದ್ದ ಸಂಗತಿ. ಆದರೆ ರಕ್ತ ಬೆರಕೆಯೆಂದು ಅಲ್ಲಿನ ಸರ್ವಾಧಿಕಾರಿಯನ್ನೂ ಬಿಳಿಯರ ಕ್ಲಬ್ಬು ಒಳಗೆ ಬಿಡಲಿಲ್ಲ ಎಂದಾಗ ಕಣವೇ ನಿಂತುಬಿಟ್ಟಿತು.

'ದೇಶಾ ಆಳಾಂವಗ?' ಎಂದಳು ಸಾಲಿನಲ್ಲಿದ್ದ ಬಸುರಿ ಹುಡುಗಿ ಶೇಖಮ್ಮ. 'ಅಂವಗೂ ಬ್ಯಾರೆ ಗ್ಲಾಸಾ?'

'ಹಂಗಂತ ಇಟ್ಕೋ.'

'ಅಯ್ಯ, ಹಂಗಾರ ನೀ ಬಿಯೆ ಆಗಿದ್ದಕ್ಕ ಯಾವ ಗ್ಲಾಸ ಕೊಟ್ಟಾರು ಮೌನಣ್ಣಾ!'

ಚುಟ್ಟಾ ಸುತ್ತುವ ಕಾರ್ಖಾನೆಗಳ ಕಥೆ ಅವರಿಗೆ ಎಲ್ಲಕ್ಕಿಂತ ಹಿಡಿಸಿತು. ಅಲ್ಲಿ ಕೆಲಸದವರು ಕೈಯಿಂದ ತಂಬಾಕಿನ ಎಲೆ ಸುತ್ತುತ್ತಿದ್ದರೆ ಒಬ್ಬ ಎತ್ತರದಲ್ಲಿ ಕೂತು ಪೇಪರು, ಪುಸ್ತಕ ಓದುತ್ತಿದ್ದ. ಅವನ ಕೂಲಿಯನ್ನು ಮಾಲೀಕನಲ್ಲ, ಸುತ್ತುವವರೇ ಕೊಡುತ್ತಿದ್ದರು. ಸರಕಾರ ಹೆದರಿ ಒಮ್ಮೆ ಓದುವುದನ್ನೇ ನಿಲ್ಲಿಸಿತ್ತು. ಮರುದಿನದಿಂದ ಒಬ್ಬೊಬ್ಬರು ಒಂದೊಂದು ರೊಟ್ಟಿ ನನಗೆ ತರತೊಡಗಿದರು. ಸರ್ವಾಧಿಕಾರಿಗಳ ಬಗ್ಗೆ ಓದಿ ನಾನು ಮೈಕೈ ತುಂಬಿಕೊಂಡೆ.

ಒಂದು ದಿನ ಗಡಿಗೆಪ್ಪ ಸಾವುಕಾರ ಕಣಕ್ಕೆ ಬಂದ. ಹಣೆಯ ತುಂಬ ವಿಭೂತಿ. ಶ್ರಾವಣ ಪೂರ್ತಿ ಗಿರಣಿಯ ಗೋದಾಮಿನಲ್ಲಿ ಸಂಜೆ ಅವನು ಪುರಾಣ ಓದಿಸುತ್ತಿದ್ದ. ತಗಡಿನ ಗೋಡೆಯ ಹೊರಗೆ ಕೂತು ನಾವೂ ಕೇಳಬಹುದಿತ್ತು.

'ಏನಲೇ ಅದು, ಓದಾಕತ್ತಿದ್ದು?'

'ಕ್ಯೂಬಾ ಪುರಾಣ ರೀ.'

'ಯಾವ ಶರಣರದು?'

'ಕಬ್ಬು ಕಡಿಯೋ ಶರಣರದು ರೀ.'

ಸಾವುಕಾರ ತಲೆದೂಗಿದ. 'ಕಾಯಕ! ಚೊಲೋ ಅದ. ಓದು. ಆ ಮೂಲ್ಯಾಗ ಹಕ್ಕಿ ಇಳದಾವ, ದನಿ ಜೋರು ಮಾಡು.'

ಮಾಲೀಕನ ಅಪ್ಪಣೆಯ ಮೇಲೆಯೇ ನಾನು ಕ್ರಾಂತಿಯ ದನಿ ಜೋರು ಮಾಡಿದೆ.

ಇನ್ನು ಬಾಗಿಲ ವಿಷಯ ಹೇಳಬೇಕು. ಗಿರಣಿಯ ಬಾಗಿಲಲ್ಲಿ ಒಂದು ತೇಗದ ಹಲಗೆ ಹಾಸಿದ್ದರು. ಸಂಜೆ ಕೆಲಸ ಮುಗಿದ ಮೇಲೆ ತಲಾಶಿ. ಗಂಡಸರ ಜೇಬು ಮುಟ್ಟಿ ನೋಡಿ ಬಿಡುತ್ತಿದ್ದರು. ಹೆಂಗಸರು ಹಲಗೆಯ ಮೇಲೆ ನಿಂತು, ಕಚ್ಚೆ ಸಡಿಲ ಮಾಡಿ, ಉಡಿ ಜಾಡಿಸಿ, ಮೂರು ಸಲ ಜಿಗಿಯಬೇಕು. ಹಲಗೆ ಯಾಕೆಂದರೆ, ಒಂದೇ ಕಾಳು ಬಿದ್ದರೂ ಟಪ್ಪೆಂದು ಕೇಳಬೇಕು. ಬಿದ್ದರೆ ಆ ದಿನದ ಕೂಲಿ ಇಲ್ಲ. ಒಡೆದ ಹಿಮ್ಮಡಿಯಲ್ಲಿ ಸಿಕ್ಕಿಕೊಂಡ ಕಾಳು ಬಿದ್ದರೂ ಕಳವೇ. ಹತ್ತು ತಾಸು ಬೆಂದ ಭತ್ತದಲ್ಲಿ ನಡೆದ ಕಾಲು ಕೊನೆಗೆ ಜಿಗಿದು ತಾನು ಕಳ್ಳ ಅಲ್ಲ ಎಂದು ತೋರಿಸಬೇಕು. ಮುದುಕಿಯರು ಜಿಗಿಯುವಾಗ ಹಾದಿಯ ಆಟೋದವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಬಾಗಿಲು ಕಾಯುವ ಖಾಜಾ ಮಾತ್ರ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಕಿವಿ ಸಾವುಕಾರನದು, ಕಣ್ಣು ತನ್ನದು ಎಂಬಂತೆ.

ಶೇಖಮ್ಮನಿಗೆ ಏಳು ತಿಂಗಳು ತುಂಬಿತ್ತು. ಇಪ್ಪತ್ತೆರಡರ ಹುಡುಗಿ. ಹಿಂದಿನ ವರ್ಷವೂ ಬಸುರಿದ್ದಳು. ದಿನಾ ಜಿಗಿದಳು. ಒಂದು ಸಂಜೆ ಜಿಗಿದು ಹೊರಗೆ ಬಂದವಳು ಪಕ್ಕದ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಗೋಡೆಯ ಹತ್ತಿರ ಕುಸಿದು ಕೂತಳು. ಆರು ತಿಂಗಳ ಪಿಂಡ ಅಲ್ಲೇ ಹೋಯಿತು. ಡಾಕ್ಟರು ಬೇರೆ ಏನೋ ಕಾರಣ ಹೇಳಿದರಂತೆ. ಹೆಂಗಸರು ಹಲಗೆ ನೋಡಿ ಉಗುಳಿದರು. ಅವಳ ಗಂಡ ವೆಂಕೋಬ ಚೀಲ ಹೊರುವಾಗ ಬೆನ್ನು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಅವಳು ಕೆಲಸ ಬಿಡುವಂತಿರಲಿಲ್ಲ.

ಯಮನಮ್ಮ ಅವಳನ್ನು ಕರೆದುಕೊಂಡು ಸಾವುಕಾರನ ಹತ್ತಿರ ಹೋದಳು. ನಾನೂ ಹಿಂದೆ ನಿಂತೆ.

'ಯಪ್ಪಾ, ಈಕಿ ಒಬ್ಬಾಕಿಗೆ ಜಿಗಿಯೋದು ಬಿಡ್ರಿ. ಬೇಕಾದ್ರ ನಾ ಆರು ಸಲ ಜಿಗೀತೀನಿ.'

ಸಾವುಕಾರ ಅಡಿಕೆ ಕತ್ತರಿಸುತ್ತಿದ್ದ. 'ಇವತ್ತ ಒಬ್ಬಾಕಿಗೆ ಬಿಟ್ರ ನಾಳಿ ನಲವತ್ತೂ ಮಂದಿ ಬಸುರು. ಗಂಡ ಇಲ್ಲದ ನೀನೂ ಬಸುರು.'

ಮುನೀಮ ಹೊಟ್ಟೆ ಹಿಡಿದುಕೊಂಡು ನಕ್ಕ. ಶೇಖಮ್ಮ ನೆಲ ನೋಡುತ್ತಿದ್ದಳು. ನಾನೂ ನೆಲವನ್ನೇ ನೋಡಿದೆ. ಸರ್ವಾಧಿಕಾರಿಗಳ ವಿಷಯ ನನ್ನ ಬಾಯಿ ಬಹಳ ಜೋರು. ಸಾವುಕಾರರ ವಿಷಯ ಅಷ್ಟಿರಲಿಲ್ಲ.

ದಾರಿ ಹುಡುಕಿದವನು ಖಾಜಾ. ಆ ಸಂಜೆ ಶೇಖಮ್ಮ ಹಲಗೆ ಹತ್ತಿದಾಗ, 'ನೀ ಸುಮ್ಮನ ನಿಂದ್ರವಾ' ಎಂದ. ಗೋಡೆಗೆ ಮುಖ ಮಾಡಿಯೇ ತನ್ನ ಲಾಠಿಯಿಂದ ಹಲಗೆಯನ್ನು ಮೂರು ಸಲ ಕುಟ್ಟಿದ. ಧಪ್. ಧಪ್. ಧಪ್. ಒಳಗೆ ಕೂತ ಸಾವುಕಾರನ ಕಿವಿಗೆ ಲೆಕ್ಕ ಸರಿಹೋಯಿತು. ಹದಿನಾರು ದಿನ ಶೇಖಮ್ಮನ ಪರವಾಗಿ ಲಾಠಿ ಜಿಗಿಯಿತು. ಹದಿನೇಳನೆಯ ದಿನ ಮುನೀಮ ನೋಡಿದ.

'ಯವ್ವಾ, ಇನ್ನೊಮ್ಮೆ ಹಿಂಗ ಮಾಡಿದ್ರ ನನ್ನ ನೌಕರಿ ಹೋಗ್ತದ' ಎಂದು ಖಾಜಾ ಯಮನಮ್ಮನಿಗೆ ಹೇಳಿದ. 'ನಾಳಿ ಮುನೀಮನೇ ಬಾಗಲದಾಗ ನಿಂದರ್ತಾನಂತ. ಈಕಿದು ಕಣ್ಣಾರೆ ನೋಡ್ತೀನಿ ಅಂದಾನ.'

ನಾಳೆ ಅಂದರೆ ಶ್ರಾವಣದ ಕೊನೆಯ ದಿನ. ಗೋದಾಮಿನ ಪುರಾಣಕ್ಕೆ ಮಂಗಲ. ನನ್ನ ಪುರಾಣವೂ ಅಂದೇ ತುದಿಗೆ ಬಂತು. ಸರ್ವಾಧಿಕಾರಿಯನ್ನು ಓಡಿಸಲು ಎಂಬತ್ತೆರಡು ಮಂದಿ ಒಂದು ದೋಣಿಯಲ್ಲಿ ಬಂದು ಇಳಿದು, ಬಹಳಷ್ಟು ಜನ ಸತ್ತು, ಉಳಿದ ಬೆರಳೆಣಿಕೆಯವರು ಬೆಟ್ಟ ಹತ್ತಿದ್ದು ಹೇಳಿದ್ದೆ. ಹಳ್ಳಿಗರು ಅವರಿಗೆ ಅನ್ನ ಕೊಟ್ಟದ್ದು ಹೇಳಿದ್ದೆ. ಅಂದು ಬೆಳಿಗ್ಗೆ ಓದಿದೆ: ಹೊಸ ವರ್ಷದ ದಿನ ಸರ್ವಾಧಿಕಾರಿ ಹೆಂಡತಿ ಮಕ್ಕಳೊಂದಿಗೆ ವಿಮಾನ ಹತ್ತಿದ.

'ಆಮ್ಯಾಗ?'

'ಹಾಳಿ ಇಲ್ಲ.'

'ಆಮ್ಯಾಗಿಂದ ಇಲ್ಲದ ಪುರಾಣ ಏನು ಓದ್ತೀಲೇ ಬಾಡ್ಯಾ?' ಎಂದು ಯಮನಮ್ಮ ರೇಗಿದಳು. 'ಮಂಗಲ ಹಾಡದ ಪುರಾಣ ಅರ್ಧಕ್ಕ ಬಿಟ್ರ ಕೇಳಿದೋರಿಗೆ ಕೇಡು. ಎಲ್ಲಿಂದರ ಹುಡಿಕ್ಕೊಂಡು ಬಾ.'

ಮಧ್ಯಾಹ್ನ ಸಾವುಕಾರನ ಹೆಂಡತಿ ಮಹಾಂತಮ್ಮ ಕಣಕ್ಕೆ ಬಂದಳು. ನೂರೊಂದು ಮುತ್ತೈದೆಯರಿಗೆ ಉಡಿ ತುಂಬುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಅವರ ಕಡೆಯ ಮುತ್ತೈದೆಯರು ಅರವತ್ತೊಂದಕ್ಕೇ ಮುಗಿದಿದ್ದರು. ಕಣದಲ್ಲಿ ಸರಿಯಾಗಿ ನಲವತ್ತು. ದೇವರೇ ಲೆಕ್ಕ ಕೂಡಿಸಿದ ಎಂದಳಂತೆ. ಹೆಂಗಸರು ಸಾಲಾಗಿ ಕೂತು ಸೆರಗು ಒಡ್ಡಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ, ಕುಬಸದ ಬಟ್ಟೆ. ಎಲ್ಲ ಒಂದು ಮೊಳ ಮೇಲಿಂದ ಬಿತ್ತು. ಬಳೆ ಕೂಡ ತಾಗಲಿಲ್ಲ. ಅರಿಶಿನ ಕುಂಕುಮದ ಬಟ್ಟಲು ನೆಲಕ್ಕಿಟ್ಟು ದೂರ ಸರಿದಳು. ಹಚ್ಚಿಕೊಳ್ಳುವವರು ತಾವೇ ಹಚ್ಚಿಕೊಳ್ಳಬೇಕು.

ಆದರೂ ಉಡಿ ಉಡಿಯೇ. ತುಂಬಿದ ಅಕ್ಕಿಯ ಒಂದು ಕಾಳೂ ಹಾದಿಯಲ್ಲಿ ಚೆಲ್ಲಬಾರದು. ಮನೆಗೆ ಒಯ್ದು ಅಡಿಗೆ ಮಾಡಿ ಉಣ್ಣಬೇಕು. ಚೆಲ್ಲಿದರೆ ತುಂಬಿದವಳ ಹರಕೆಯೂ ಕೆಟ್ಟಿತು. ಗಂಟು ಕಟ್ಟಿಕೊಂಡು ಹೆಂಗಸರು ಮತ್ತೆ ಸಾಲು ಎಳೆದರು. ಉಡಿಯಲ್ಲಿ ಅಕ್ಕಿ, ಕಾಲಲ್ಲಿ ಭತ್ತ.

ಸಂಜೆ ಬಾಗಿಲಲ್ಲಿ ಮುನೀಮ ಕುರ್ಚಿ ಹಾಕಿಕೊಂಡು ಕೂತಿದ್ದ.

'ಶೇಖಮ್ಮ ಮೊದಲು ಬರಲಿ. ಹತ್ತು. ಉಡಿ ಜಾಡಿಸಿ ಜಿಗಿ.'

ಶೇಖಮ್ಮ ಹಲಗೆ ಹತ್ತಿದಳು. ಒಂದು ಕೈ ಉಡಿಯ ಗಂಟಿನ ಮೇಲೆ, ಒಂದು ಕೈ ಹೊಟ್ಟೆಯ ಕೆಳಗೆ. ಖಾಜಾ ಗೋಡೆಗೆ ಮುಖ ಮಾಡಿದ. ಯಮನಮ್ಮ ಸಾಲಿನಿಂದ ಹೊರಬಂದು ಶೇಖಮ್ಮನ ರಟ್ಟೆ ಹಿಡಿದು ಕೆಳಗಿಳಿಸಿದಳು. ತಾನು ಹತ್ತಿದಳು. ಜಿಗಿಯಲಿಲ್ಲ. ಕಂಬದ ಹಾಗೆ ನಿಂತಳು.

'ಏನಬೇ ಇದು?'

'ಉಡಿ ತುಂಬಿಸ್ಕೊಂಡಾಕಿ ಜಿಗಿಯಂಗಿಲ್ಲ.'

ಗಲಾಟೆಗೆ ಸಾವುಕಾರ ಹೊರಬಂದ. ಹಿಂದೆಯೇ ಮಹಾಂತಮ್ಮ. 'ಉಡಿ ಬಿಚ್ಚಿ ಕೆಳಗಿಟ್ಟು ಜಿಗೀರಿ, ಆಮ್ಯಾಗ ಕಟ್ಕೊಂಡು ಹೋಗ್ರಿ' ಎಂದ ಸಾವುಕಾರ. ಮಹಾಂತಮ್ಮ ಗಾಬರಿಯಾದಳು. 'ರೀ, ಬಾಗಲದಾಗ ಉಡಿ ಬಿಚ್ಚಿಸಬ್ಯಾಡ್ರಿ. ಅಕ್ಕಿ ಚೆಲ್ಲಿದ್ರ ನನ್ನ ಹರಕಿ ಹೋಗ್ತದ. ಇವತ್ತೊಂದಿನ ಬಿಡ್ರಿ.'

ಸಾವುಕಾರ ಮೀಸೆ ಸವರಿದ. 'ಆತು. ಇವತ್ತೊಂದಿನ ಹಂಗ ಹೋಗ್ರಿ. ನಾಳಿಂದ ಎಲ್ಲಾರೂ ಜಿಗೀಬೇಕು.'

ಗೆದ್ದೆವು ಎಂದುಕೊಂಡೆ. ಎಲ್ಲರೂ ಹೊರಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹೊರಟುಬಿಡುತ್ತಿದ್ದೆ.

ಯಮನಮ್ಮ ಹಲಗೆ ಬಿಟ್ಟು ಇಳಿಯಲಿಲ್ಲ.

'ಇವತ್ತ ಯಾಕ ಬಿಟ್ರಿ ಸಾವ್ಕಾರ್ರೇ?'

'ಹರಕಿ ಅಕ್ಕಿ ಅಲ್ಲೇನಬೇ?'

'ಅಕ್ಕಿ ಚೆಲ್ತದಂತ ಬಿಟ್ರಿ. ಈಕಿ ಹೊಟ್ಟ್ಯಾಗಿನ ಕೂಸು ಚೆಲ್ಲತಲ್ಲ ಹೋದ ವರ್ಷ, ಅವತ್ತ ಬಿಡಲಿಲ್ಲ.'

ಯಮನಮ್ಮ ಉಡಿಯ ಗಂಟು ಬಿಚ್ಚಿದಳು. ಎರಡೂ ಕೈಯಿಂದ ಸೆರಗು ಕೊಡವಿದಳು. ಅಕ್ಕಿ ಹಲಗೆಯ ಮೇಲೆ ಸುರಿಯಿತು. ಕೊಬ್ಬರಿ ಬಟ್ಟಲು ಉರುಳಿ ಸಾವುಕಾರನ ಮೆಟ್ಟಿನ ಹತ್ತಿರ ಹೋಗಿ ನಿಂತಿತು. ಮಹಾಂತಮ್ಮ 'ಶಿವಶಿವಾ' ಎಂದು ಕಣ್ಣು ಮುಚ್ಚಿಕೊಂಡಳು.

'ಕೇಳ್ತೇನು ಸಪ್ಪಳ? ನಿಮ್ಮದ ಅಕ್ಕಿ. ಎಣಿಸ್ಕೋರಿ.'

ಶೇಖಮ್ಮ ಬಂದಳು. ಸುರಿದಳು. ಒಬ್ಬೊಬ್ಬರೇ ನಲವತ್ತೂ ಮಂದಿ ಸುರಿದರು. ಹಲಗೆ ಅಕ್ಕಿಯಲ್ಲಿ ಮುಚ್ಚಿಹೋಯಿತು. ಒಂದು ಕಾಳು ಬಿದ್ದರೆ ಕೇಳುತ್ತಿದ್ದ ಕಿವಿಗಳು ಈಗ ಏನು ಮಾಡಬೇಕೆಂದು ತಿಳಿಯದೆ ಕೆಂಪಾದವು. ಯಮನಮ್ಮ ಕುಬಸದ ಬಟ್ಟೆ ಮಾತ್ರ ಕಂಕುಳಲ್ಲಿ ಇಟ್ಟುಕೊಂಡಳು. 'ಇದು ಇಷ್ಟು ವರ್ಷ ಜಿಗಿದದ್ದಕ್ಕ' ಎಂದಳು. ಆಮೇಲೆ ಸಾವುಕಾರನ ಮುಖ ನೋಡಿದಳು.

'ನಮ್ಮದು ಮುಗೀತು. ಈಗ ನೀವು ಹತ್ರಿ. ಮೂರ ಸಲ ಜಿಗೀರಿ. ನಿಮ್ಮ ಧೋತರದಾಗಿಂದ ಎಷ್ಟು ಮಂದಿ ಕೂಲಿ ಉದುರ್ತದ ನೋಡೋಣು.'

ಖಾಜಾ ಗೋಡೆಯಿಂದ ಮುಖ ತಿರುಗಿಸಿ ಬಾಗಿಲು ಪೂರ್ತಿ ತೆರೆದ. ನಲವತ್ತು ಮಂದಿ ನಡೆದು ಹೋದರು. ಜಿಗಿಯದೆ ಹೋದರು.

ಮರುದಿನ ಬಾಗಿಲು ಒಳಗಿನಿಂದ ಹಾಕಿತ್ತು. ಮಾನ್ವಿಯಿಂದ ಒಂದು ಲಾರಿ ಹೆಂಗಸರು ಬಂದಿಳಿದರು. ಅವರದೂ ಹೊಟ್ಟೆಯೇ. ಯಮನಮ್ಮ ಅವರನ್ನು ಬೈಯಲಿಲ್ಲ, ಬೈಯಗೊಡಲಿಲ್ಲ. 'ಗದ್ದ್ಯಾಗ ನಟ್ಟಿ ಹಚ್ಚೋ ಕಾಲು ಅವು. ಬೆಂದ ನೆಲ್ಲು ಅವಕ್ಕ ಮಾತಾಡಂಗಿಲ್ಲ' ಎಂದು ಗಿರಣಿಯ ಎದುರಿನ ಬೇವಿನ ಮರದ ಕೆಳಗೆ ಕೂತಳು. ಮೊದಲ ದಿನ ಭತ್ತ ಅತಿಯಾಗಿ ಒಣಗಿತು. ಎರಡನೆಯ ದಿನ ಹೆದರಿ ಹಸಿಯಾಗಿ ಎತ್ತಿದರು. ಮೂರು ದಿನ ಗಿರಣಿಯಿಂದ ಅಕ್ಕಿ ಬರಲಿಲ್ಲ. ನುಚ್ಚು ಬಂತು, ಮುಗ್ಗು ಬಂತು. ನಾಲ್ಕನೆಯ ದಿನ ಖಾಜಾ ಮರದ ಕೆಳಗೆ ಬಂದ. ನಗು ತಡೆದುಕೊಂಡು ಬಂದಿದ್ದ.

'ಯಮನವ್ವಾ, ಸಾವ್ಕಾರ್ರು ಕರೀತಾರ.'

'ಹಲಗಿ?'

'ತಗದಾರ.'

'ತಗದ್ರ ಸಾಲದು. ನಾಳಿ ಹೊಳ್ಳಿ ಹಾಕ್ತಾರ. ನನ್ನ ಕೈಯಾಗ ಕೊಡಬೇಕಂತ ಹೇಳು.'

ಖಾಜಾನೇ ಹೆಗಲ ಮೇಲೆ ಹೊತ್ತು ತಂದುಕೊಟ್ಟ.

ಕಾಲು ಅದೇ, ಸಿಮೆಂಟು ಅದೇ, ಕೂಲಿಯೂ ಅದೇ. ಜಿಗಿಯುವುದು ಮಾತ್ರ ನಿಂತಿತು. ನನ್ನನ್ನು ಒಳಗೆ ಸೇರಿಸಲಿಲ್ಲ. ಅದು ಯಾವ ಶರಣರ ಪುರಾಣ ಎಂದು ಸಾವುಕಾರನಿಗೆ ಯಾರೋ ಓದಿದವರು ಹೇಳಿದ್ದರು. ನನ್ನ ಜಾಗದಲ್ಲಿ ಹಗ್ಗಕ್ಕೆ ಒಂದು ಡಬ್ಬಿ ಕಟ್ಟಿ, ಎಳೆದರೆ ಸದ್ದಾಗುವಂತೆ ಮಾಡಿದರು. ಬಿ.ಎ.ಗೂ ಡಬ್ಬಿಗೂ ಪಾರಿವಾಳಗಳು ಯಾವ ಫರಕೂ ಮಾಡಲಿಲ್ಲ.

ನಾನು ಸರಕಾರಿ ಗ್ರಂಥಾಲಯದಲ್ಲಿ ಕೂತು, ಹಳೆ ಪತ್ರಿಕೆ ತಿರುವಿ, ಕಳೆದ ಹಾಳೆಗಳನ್ನು ಹುಡುಕಿದೆ.

ದಸರೆಯ ಮುಂದೆ ಶೇಖಮ್ಮ ಹೆತ್ತಳು. ಹೆಣ್ಣು. ಗಟ್ಟಿ ಗಂಟಲಿನದು. ಐದನೆಯ ದಿನ ಅವಳ ಗುಡಿಸಿಲ ಹಿಂದೆ ಬಾಣಂತಿಯ ಸ್ನಾನಕ್ಕೆ ಹಂಡೆ ಏರಿಸಿದ್ದರು. ನನಗೂ ಕರೆ ಬಂತು.

'ಮಂಗಲ ಹೇಳಲೇ ಈಗ' ಎಂದಳು ಯಮನಮ್ಮ. 'ಅಂವ ವಿಮಾನ ಹತ್ತಿದ. ಆಮ್ಯಾಗ?'

ಹೇಳಿದೆ. ದೊಡ್ಡವರ ಹೊಲ ತೆಗೆದುಕೊಂಡರು. ಕ್ಲಬ್ಬಿನ ಬಾಗಿಲು, ಸಮುದ್ರದ ದಂಡೆ ಎಲ್ಲರಿಗೂ ತೆರೆದರು. ಒಂದು ವರ್ಷ ಓದು ಬಂದ ಹುಡುಗ ಹುಡುಗಿಯರೆಲ್ಲ ಕಂದೀಲು ಹಿಡಿದು ಹಳ್ಳಿಗೆ ಹೋಗಿ ಅಕ್ಷರ ಕಲಿಸಿದರು. ಅಮೆರಿಕದವರು ವ್ಯಾಪಾರ ನಿಲ್ಲಿಸಿದರು. ಸೋಪಿಗೂ ಸಾಲು, ಅಕ್ಕಿಗೂ ರೇಶನ್ ಕಾರ್ಡು. ಎದುರು ಬರೆದವರನ್ನು ಒಳಗೆ ಹಾಕಿದರು. ಒಂದು ಕೋಟಿ ಟನ್ ಸಕ್ಕರೆ ತೆಗೆಯುತ್ತೇವೆ ಎಂದು ದೇಶಕ್ಕೆ ದೇಶವೇ ಕಬ್ಬು ಕಡಿಯಲು ಇಳಿದು, ಆಗಲಿಲ್ಲ. ಆಗಲಿಲ್ಲ ಎಂದು ನಾಯಕನೇ ಜನರ ಮುಂದೆ ನಿಂತು ಹೇಳಿದ.

'ಮಂದಿ ಮುಂದ ನಿಂತು ಹೇಳಿದನಾ?'

'ಹೇಳಿದ.'

'ಕಬ್ಬು ಈಗೂ ಅವರೇ ಕಡೀತಾರಾ?'

'ಅವರೇ.'

'ಕಡದು ಹೊರಗ ಬರಾಗ ಜಿಗಸ್ತಾರಾ?'

'ಹಂಗಂತ ಎಲ್ಲೂ ಬರದಿಲ್ಲ.'

ಯಮನಮ್ಮ ಹಂಡೆಯ ಕೆಳಗಿನ ಕೊಳ್ಳಿ ಮುಂದಕ್ಕೆ ತಳ್ಳಿದಳು. 'ಬರದಿಲ್ಲಂದ್ರ ನಂಬಬ್ಯಾಡ. ಯಾರನರ ಕೇಳು' ಎಂದಳು. 'ಮುಗದಿಲ್ಲ ಬಿಡು ನಿನ್ನ ಪುರಾಣ. ನಮ್ಮದರ ಎಲ್ಲಿ ಮುಗದದ? ನಾಳಿ ಕೂಲಿ ಹೆಚ್ಚಿಗಿ ಕೇಳಾಕ ಹೋಗೂದದ. ಏಳು, ಕೊಡ್ಲಿ ತೊಗೋ. ಬೆಂಕಿ ಸಣ್ಣಾಗ್ಯದ.'

ಗೋಡೆಗೆ ಆನಿಸಿದ್ದ ಗಿರಣಿಯ ಹಲಗೆಯನ್ನು ಅಡ್ಡ ಹಾಕಿ ಸೀಳಿದೆ. ವರ್ಷಗಟ್ಟಲೆ ತುಳಿಸಿಕೊಂಡು ನಡು ಸವೆದಿತ್ತು. ಸೀಳಿದಾಗ ಸಂದಿಯಿಂದ ನಾಲ್ಕೈದು ಭತ್ತದ ಕಾಳು ಉದುರಿದವು. ಯಾರೂ ಎಣಿಸಲಿಲ್ಲ. ಒಳ್ಳೆಯ ತೇಗ. ಚೆನ್ನಾಗಿ ಉರಿಯಿತು. ನೀರು ಮರಳಿತು. ಒಳಗೆ ಕೂಸು ಒದರುತ್ತಿತ್ತು.